ಪುಟ್ಟಿ ಮುನಿದ ಮೇಲೆ

ಆ ಮನೆಯಲ್ಲಿ ಗೊಂಬೆ ಮಾಡುತ್ತಿದ್ದರು. ಮಕ್ಕಳು ಆಡುವ ಗೊಂಬೆಗಳಲ್ಲ, ದೊಡ್ಡವರು ಗಾಜಿನ ಕಪಾಟಿನಲ್ಲಿಟ್ಟು ನೋಡುವಂಥವು. ಬೆರಳುದ್ದದ ಸಿಪಾಯಿ, ಅವನಿಗಿಂತ ಗಿಡ್ಡಿಯಾದ ಮೀನು ಮಾರುವವಳು, ಅಂಗೈ ಮೇಲೆ ನಿಲ್ಲುವ ಕುದುರೆ. ಅವು ಅಚ್ಚಿನಿಂದ ಇಡಿಯಾಗಿ ಬರುತ್ತಿರಲಿಲ್ಲ. ತಲೆ ಒಂದು ಕಡೆ, ಕೈ ಒಂದು ಕಡೆ. ಕುದುರೆಯಾದರೆ ಉದ್ದಕ್ಕೆ ಸೀಳಿದ ಹಾಗೆ ಎರಡು ಹೋಳು. ತುಂಡುಗಳನ್ನು ಎಷ್ಟೇ ಜೋಪಾನವಾಗಿ ಅಂಟಿಸಿದರೂ ಸೇರುವ ಕಡೆ ಸಂದು ಉಳಿದೇ ಉಳಿಯುತ್ತದೆ. ಬರಿಗಣ್ಣಿಗೆ ಕೂದಲೆಳೆಯಷ್ಟಿದ್ದದ್ದು ಬಣ್ಣ ಬಿದ್ದ ಮೇಲೆ ಬಾಯಿ ಬಿಟ್ಟುಕೊಂಡು ನಗುತ್ತದೆ. ಆ ಸಂದುಗಳನ್ನು ಪುಟ್ಟಿಯಿಂದ ತುಂಬುವುದು ಮನೆಯ ಹಿರಿಯ ಸೊಸೆಯ ಕೆಲಸ. ಬೇರೆ ಯಾರ ಕಣ್ಣಿಗೂ ಬೀಳದ ಬಿರುಕು ಅವಳ ಕಣ್ಣಿಗೆ ಬೀಳುತ್ತಿತ್ತು. ಅದಕ್ಕೇ ಗಂಡ ಅವಳನ್ನು 'ಬಿರುಕಮ್ಮ' ಅನ್ನುತ್ತಿದ್ದ. ಆಮೇಲೆ ಬೀದಿಯೆಲ್ಲ ಹಾಗೇ ಅಂದಿತು.

ಪುಟ್ಟಿ ಎರಡು ಬಣ್ಣದ ಕಡ್ಡಿಗಳಾಗಿ ಬರುತ್ತದೆ, ಹಳದಿ ಒಂದು, ನೀಲಿ ಒಂದು. ಬೇರೆ ಬೇರೆ ಇಟ್ಟಷ್ಟು ಕಾಲ ಮೆತ್ತಗಿರುತ್ತವೆ. ಕೂಡಿಸಿ ನಾದಿದರೆ ಹಸಿರಾಗುತ್ತದೆ, ಸ್ವಲ್ಪ ಹೊತ್ತಿಗೆ ಕಲ್ಲಾಗುತ್ತದೆ. ಆ ನಡುವಿನ ಹೊತ್ತಿನಲ್ಲಿ ಕೆಲಸ ಮುಗಿಯಬೇಕು. ಬಿರುಕಮ್ಮ ಒಂದು ಚಿಟಿಕೆ ತೆಗೆದು ದಾರದಂತೆ ಹೊಸೆದು ಸಂದಿನ ಮೇಲೆ ಮಲಗಿಸುತ್ತಿದ್ದಳು. ಸೂಜಿಯ ಹಿಂತುದಿಯಿಂದ ಒಳಗೆ ಒತ್ತಿ, ಮಿಕ್ಕಿದ್ದನ್ನು ಕೆರೆದು ತೆಗೆದು, ಕೊನೆಗೆ ನೀರಿಗದ್ದಿದ ಬೆರಳಿನಿಂದ ಒಮ್ಮೆ ನೀವುತ್ತಿದ್ದಳು. ಗಟ್ಟಿಯಾದ ಮೇಲೆ ಉಪ್ಪುಕಾಗದದಿಂದ ಉಜ್ಜುವುದು. ಮಕ್ಕಳಿಲ್ಲದ ಮನೆ, ಗಂಡ ಬಾಗಿಲಲ್ಲಿ ನಿಂತು, "ಏನಂತಾಳೆ ನಮ್ಮ ಪುಟ್ಟಿ? ಇವತ್ತು ಹಟ ಮಾಡ್ತಿದ್ದಾಳಾ?" ಅಂತ ಕೇಳುತ್ತಿದ್ದ. "ಅಪ್ಪನ ಹಾಗೇ, ಬೇಗ ಬಿಗಿದುಕೊಳ್ತಾಳೆ," ಅಂತ ಇವಳು. ಹೊರಗಿನವರಿಗೆ ಇದು ಏನು ತಮಾಷೆಯೋ ಗೊತ್ತಿಲ್ಲ, ಅವರಿಬ್ಬರಿಗೆ ಅದು ವರ್ಷಗಟ್ಟಲೆ ಹಳಸಲಿಲ್ಲ.

ಆ ಗಂಡ ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ನಿಂತವನು ನಲ್ಲಿಯ ಹತ್ತಿರವೇ ಕುಸಿದ. ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆಂಟರು ಬಂದು ಕೂತು, "ಇನ್ನು ಇಲ್ಲಿ ನಿನಗೇನಿದೆ? ತವರಿಗೆ, ನಿನ್ನ ತಮ್ಮನ ಮನೆಗೆ ಹೋಗು," ಅಂದರು. ಮೈದುನ ಮಾತು ಕಮ್ಮಿಯ ಮನುಷ್ಯ. ಹಿತ್ತಲ ಶೆಡ್ಡಿನಲ್ಲಿ ಅಚ್ಚಿಗೆ ರೆಸಿನ್, ಆರಿ ಗೊಂಬೆಯಾಗುವ ದ್ರವ, ಹುಯ್ಯುತ್ತಿದ್ದವನು ಅಲ್ಲಿಂದಲೇ ಕೂಗಿದ, "ಅತ್ತಿಗೆ ಹೋದರೆ ಸಂದು ಯಾರು ತುಂಬ್ತಾರೆ?" ನೆಂಟರು ನಕ್ಕು ಎದ್ದರು. ಬಿರುಕಮ್ಮ ಉಳಿದಳು. ಆ ಮಾತು ಅವಳಿಗೆ ಸಮಾಧಾನವನ್ನೂ ಕೊಟ್ಟಿತು, ಮುಳ್ಳಿನ ತುದಿಯ ಹಾಗೆ ಎಲ್ಲೋ ಸಣ್ಣಗೆ ಚುಚ್ಚಿತು ಕೂಡ.

ಮುಂದೆ ಮೈದುನನಿಗೆ ಮದುವೆಯಾಗಿ ಓರಗಿತ್ತಿ ಬಂದಳು. ಎಲ್ಲರೂ ಅವಳನ್ನು ಚಿಕ್ಕವಳು ಅಂತಲೇ ಕರೆದರು. ಬಾಯಿ ಜೋರು, ಕೈ ಬೀಸು. ಕಪ್ಪು ತೊಳೆದರೆ ಹಿಡಿ ಮುರಿಯುತ್ತಿದ್ದವಳು. ಬಂದ ಹೊಸದರಲ್ಲಿ "ಅಕ್ಕಾ, ನೀವು" ಅನ್ನುತ್ತಿದ್ದವಳು ಒಂದು ಚಳಿಗಾಲ ಕಳೆಯುವುದರಲ್ಲಿ "ಅಕ್ಕಾ, ನೀನು" ಅನ್ನತೊಡಗಿದಳು. ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವುದು, ಅಚ್ಚು ತೊಳೆಯುವುದು ಅವಳ ಪಾಲಿನ ಕೆಲಸ. ಸಂಜೆ ದೀಪ ಹಾಕುವ ಮೊದಲು ಬಿರುಕಮ್ಮನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಅವಳ ಕೈಯಲ್ಲಿ ನಾಜೂಕಾಗಿ ಆಗುತ್ತಿದ್ದ ಕೆಲಸ ಅದೊಂದೇ. ಓರಗಿತ್ತಿಯರು ಅಂದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಅಂತ ಕಾದು ಕೂತಿದ್ದ ಬೀದಿಯವರಿಗೆ ನಿರಾಸೆಯಾಯಿತು.

ತುರಿಕೆ ಶುರುವಾದದ್ದು ಬೆರಳ ಸಂದಿನಲ್ಲಿ. ಬಟ್ಟೆ ಸೋಪು ಬದಲಾಗಿದ್ದರಿಂದ ಅಂದುಕೊಂಡಳು. ಸೋಪು ಬದಲಿಸಿದರೂ ಹೋಗಲಿಲ್ಲ. ಆಮೇಲೆ ಬೆರಳ ತುದಿಗಳು ಒಡೆದವು, ಕತ್ತಿನಲ್ಲಿ ಕೆಂಪು ದದ್ದು ಎದ್ದಿತು. ಒಂದು ಬೆಳಗ್ಗೆ ಎದ್ದರೆ ರೆಪ್ಪೆಗಳು ಊದಿ ಅಂಟಿಕೊಂಡಿದ್ದವು. ಚಿಕ್ಕವಳು ಬಿಸಿನೀರಿನ ಬಟ್ಟೆ ಒತ್ತುತ್ತಾ, "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಿನ್ನದು ನೋಡಕ್ಕ, ಕೈ ಕೆಸರಾದರೆ ಕಣ್ಣು ಮೊಸರು," ಅಂದಳು. ಇಬ್ಬರೂ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಊತ ಇಳಿಯಿತು, ಬಿರುಕಮ್ಮ ಮತ್ತೆ ಪುಟ್ಟಿ ನಾದಲು ಕೂತಳು.

ಆ ದಿನಗಳಲ್ಲೇ ಕುದುರೆ ಡಾಕ್ಟರ ಕೆಲಸ ಬಂದಿತ್ತು. ಅವರು ಪಶುವೈದ್ಯರಾಗಿದ್ದು ನಿವೃತ್ತರಾದವರು. ಜೀವವಿರುವ ಕುದುರೆ ನೋಡಿ ಸಾಕಾಗಿ ಈಗ ಜೀವವಿಲ್ಲದ ಕುದುರೆ ಕೂಡಿಡುತ್ತೇನೆ ಅನ್ನುತ್ತಿದ್ದರು. ನಾಗಾಲೋಟದಲ್ಲಿರುವ ಇಡೀ ಕುದುರೆದಂಡು ಅವರಿಗೆ ಬೇಕಾಗಿತ್ತು. ಪ್ರತಿ ಕುದುರೆಗೂ ಕತ್ತಿನಿಂದ ಬಾಲದವರೆಗೆ ಬೆನ್ನಿನ ಮೇಲೊಂದು ಸಂದು, ಹೊಟ್ಟೆಯ ಕೆಳಗೊಂದು ಸಂದು. ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಬಂದ ಡಾಕ್ಟರು ಕುದುರೆಗಳನ್ನು ಬಿಟ್ಟು ಬಿರುಕಮ್ಮನ ಮುಖ ನೋಡಿದರು.

"ಏನಮ್ಮಾ ಇದು, ಕಣ್ಣು?"

"ಸೊಳ್ಳೆ ಇರಬೇಕು ಡಾಕ್ಟ್ರೇ."

"ಎರಡು ರೆಪ್ಪೆಗೂ ಸರಿಸಮ ಹಂಚಿ ಕಚ್ಚೋ ಸೊಳ್ಳೆನಾ? ಕೈ ತೋರಿಸು."

ಅವಳು ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಕೈ ತೆಗೆದಳು. ಡಾಕ್ಟರು ಒಡೆದ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. "ನಾನು ನಾಲ್ಕು ಕಾಲಿನವರ ವೈದ್ಯ. ಆದರೂ ಹೇಳ್ತೀನಿ, ಇವತ್ತೇ ಚರ್ಮದ ಡಾಕ್ಟರ ಹತ್ತಿರ ಹೋಗು," ಅಂದರು.

ಚರ್ಮದ ವೈದ್ಯೆ ಯಾವುದು ಮೈಗೆ ಆಗುವುದಿಲ್ಲ ಅಂತ ನೋಡಲು, ಒಂದೊಂದಕ್ಕೆ ಒಂದೊಂದು ಪದಾರ್ಥ ಸವರಿದ ಪುಟ್ಟ ಪುಟ್ಟ ಪಟ್ಟಿಗಳನ್ನು ಬೆನ್ನಿನ ಮೇಲೆ ಅಂಟಿಸಿ ಕಳಿಸಿದಳು. ಮತ್ತೆ ಹೋದಾಗ ಪಟ್ಟಿಗಳನ್ನು ಒಂದೊಂದಾಗಿ ಕಿತ್ತಳು. ಎಲ್ಲ ಕಡೆ ಚರ್ಮ ಚರ್ಮದ ಹಾಗೇ ಇತ್ತು. ಒಂದು ಕಡೆ ಮಾತ್ರ ಸುಟ್ಟ ಹಾಗೆ ಕೆಂಪಗೆ ಗುಳ್ಳೆ ಎದ್ದಿತ್ತು. ಆ ಪಟ್ಟಿಗೆ ಸವರಿದ್ದು ಪುಟ್ಟಿಯಲ್ಲಿರುವ ಅಂಟು.

"ಇದಕ್ಕೆ ಔಷಧಿ?" ಅಂತ ಕೇಳಿದಳು ಬಿರುಕಮ್ಮ.

"ಉರಿಗೆ ಮುಲಾಮು ಕೊಡ್ತೀನಿ. ಕಾಯಿಲೆಗೆ ದೂರ ಇರೋದೇ ಔಷಧಿ. ಮುಟ್ಟಬಾರದು, ಉಜ್ಜಿದ ಪುಡಿ ಗಾಳೀಲಿ ಬಂದು ಮುಖಕ್ಕೆ ತಾಗಲೂಬಾರದು."

"ಎಷ್ಟು ದಿನ?"

"ಇನ್ನು ಮೇಲೆ ಯಾವಾಗಲೂ."

"ಇಷ್ಟು ವರ್ಷ ಏನೂ ಮಾಡಿರಲಿಲ್ಲವಲ್ಲಮ್ಮ, ಅದು ನನಗೆ?"

ವೈದ್ಯೆ ಪೆನ್ನು ಕೆಳಗಿಟ್ಟಳು. "ಇದು ಹಾಗೇನೇ. ಮೈ ತಾಳುವಷ್ಟು ಕಾಲ ತಾಳುತ್ತೆ. ಒಂದು ಸಲ ಆಗಲ್ಲ ಅಂದರೆ ಮುಗೀತು. ಮನಸ್ಸು ಮರೆತರೂ ಮೈ ಮರೆಯಲ್ಲ."

ಮನೆಗೆ ಬಂದಾಗ ಚಿಕ್ಕವಳು ಬಾಗಿಲಲ್ಲೇ ನಿಂತಿದ್ದಳು. "ಏನಂದರು?"

"ಪುಟ್ಟಿ ಮುನಿಸಿಕೊಂಡಿದ್ದಾಳಂತೆ," ಅಂದಳು ಬಿರುಕಮ್ಮ. ನಗಿಸಲು ಆಡಿದ ಮಾತು, ಯಾರಿಗೂ ನಗು ಬರಲಿಲ್ಲ.

ವೈದ್ಯೆ ಹೇಳಿದ ಮಾತ್ರಕ್ಕೆ ಬಿಡುವವಳಲ್ಲ ಬಿರುಕಮ್ಮ. ರಬ್ಬರಿನ ಕೈಗವಸು ಹಾಕಿಕೊಂಡು ನೋಡಿದಳು. ಪುಟ್ಟಿ ಅದನ್ನೂ ದಾಟಿತು. ಒಂದರ ಮೇಲೊಂದು ಹಾಕಿಕೊಂಡಳು. ಬೆರಳಿಗೆ ಸಂದೇ ತಿಳಿಯದಾಯಿತು, ಕಣ್ಣು ಕಟ್ಟಿ ಅಡುಗೆ ಮಾಡಿದ ಹಾಗೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಿಟಕಿಯೆಲ್ಲ ತೆರೆದಿಟ್ಟಳು. ಮೈದುನ ನೋಡಿ, "ಬಿಡಿ ಅತ್ತಿಗೆ, ಡಾಕ್ಟ್ರಿಗೆ ನಾನೇ ಹೇಳ್ತೀನಿ," ಅಂದ. "ಶುರು ಮಾಡಿದ್ದನ್ನ ಅರ್ಧಕ್ಕೆ ಬಿಡೋದಾ?" ಅಂತ ಕೇಳಿದಳು ಅವಳು.

ಒಂದು ಮಧ್ಯಾಹ್ನ ಗಂಡಹೆಂಡಿರು ಇಬ್ಬರೂ ರೆಸಿನ್ ಡಬ್ಬ ತರಲು ಹೋಗಿದ್ದಾಗ ಬಿರುಕಮ್ಮ ಗವಸು ಕಳಚಿಟ್ಟಳು. ದಂಡಿನ ಮುಂದಾಳಿನ ಕುದುರೆ, ಮುಂಗಾಲೆರಡನ್ನೂ ಎತ್ತಿ ನಿಂತದ್ದು, ಅವಳ ಮುಂದಿತ್ತು. ಬರಿಗೈಯಲ್ಲಿ ಪುಟ್ಟಿ ನಾದಿ, ಬೆನ್ನು ತುಂಬಿ, ಹೊಟ್ಟೆ ತುಂಬಿ, ಕತ್ತಿನ ಹತ್ತಿರ ಸೂಜಿಮೊನೆಯಿಂದ ಕೇಸರದ ಎಳೆಗಳನ್ನು ಗೀರಿ, ಸಂದು ಇತ್ತೆನ್ನುವುದೇ ಸುಳ್ಳಾಗುವಂತೆ ಮಾಡಿದಳು. ಬೆರಳು ಧಗಧಗ ಉರಿಯುತ್ತಿತ್ತು. ಆದರೂ ಅಷ್ಟು ಸುಖವಾಗಿ ಅವಳು ಬಹಳ ದಿನದಿಂದ ಕೂತಿರಲಿಲ್ಲ.

ಅವರು ಬರುವ ಹೊತ್ತಿಗೆ ಮುಖ ಊದಿ ಗುರುತು ಸಿಗದಂತಾಗಿತ್ತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಮಲಗಿಸಿದರು. ಕಣ್ಣು ತೆರೆಯಲಾಗದೆ ಮಲಗಿದ್ದವಳ ಪಕ್ಕದಲ್ಲಿ ಚಿಕ್ಕವಳು ಕೂತು ಅಳುತ್ತಾ ಬೈದಳು. "ಸಾಯ್ತಿದ್ದೆಯಲ್ಲಕ್ಕ! ಒಂದು ರೆಸಿನ್ ಕುದುರೆಗೆ! ಇನ್ನೊಂದು ಸಲ ಮುಟ್ಟಿದರೆ ನನ್ನ ಮೇಲಾಣೆ."

"ಮತ್ತೆ ಮಿಕ್ಕ ಕುದುರೆಗಳು?"

"ನಾನು ತುಂಬ್ತೀನಿ. ಕೈ ನನಗೂ ಇದೆ."

ಹಾಗೆ ಪಾಠ ಶುರುವಾಯಿತು. ಕೆಲಸದ ಕೋಣೆಯಲ್ಲಿ ಚಿಕ್ಕವಳು, ಹೊಸ್ತಿಲಾಚೆ ನಡುಮನೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡ ಬಿರುಕಮ್ಮ. ಕೈ ಹಿಡಿದು ಕಲಿಸಬೇಕಾದ್ದನ್ನು ಬಾಯಲ್ಲಿ ಕಲಿಸಬೇಕು.

"ಈಗ ನಾದು. ಇನ್ನೂ. ಹದ ಬಂತಾ?"

"ಹದ ಅಂದರೆ ಹೇಗಿರುತ್ತೆ ಹೇಳು."

"ಅಂಟಬೇಕು, ಅಂಟಬಾರದು."

"ಅಯ್ಯೋ ದೇವರೇ, ಇದೇನು ಒಗಟಾ?"

"ಬೆರಳಿಗೆ ತಿಳಿಯುತ್ತೆ ಕಣೇ."

"ನನ್ನ ಬೆರಳಿಗೆ ಏನೂ ತಿಳೀತಿಲ್ಲ!"

ತುಂಬಿದ್ದು ಹೆಚ್ಚಾದರೆ ಕುದುರೆಗೆ ಗಡ್ಡೆ ಎದ್ದ ಹಾಗೆ, ಕಮ್ಮಿಯಾದರೆ ಗೆರೆ. ಉಜ್ಜಲು ಹೋಗಿ ಪಕ್ಕದ ಮಾಂಸಖಂಡವನ್ನೇ ಸವೆಸಿಬಿಡುತ್ತಿದ್ದಳು. ಒಂದು ದಿನ ಕೈಯಲ್ಲಿದ್ದ ಕುದುರೆಯನ್ನು ಗೋಡೆಗೆ ಬೀಸಿ, "ನಿನ್ನ ಕಣ್ಣು ನನಗೆಲ್ಲಿಂದ ಬರಬೇಕು?" ಅಂತ ಕಿರುಚಿದಳು. ಕಾಲು ಮುರಿದ ಕುದುರೆ ಹೊಸ್ತಿಲವರೆಗೆ ಉರುಳಿ ಬಂತು. ಎತ್ತಿಕೊಳ್ಳಲು ಬಗ್ಗಿದ ಬಿರುಕಮ್ಮ ಹಾಗೇ ಕೈ ಹಿಂದಕ್ಕೆಳೆದುಕೊಂಡಳು.

ದಂಡು ಮುಗಿಯಿತು ಅಂತ ಹೇಳಿ ಕಳಿಸಿದರು. ಕುದುರೆ ಡಾಕ್ಟರು ಬಂದು ಒಂದೊಂದನ್ನೇ ಬೆಳಕಿಗೆ ಹಿಡಿದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಮುಂದಾಳಿನ ಕುದುರೆಯನ್ನು ಪಕ್ಕಕ್ಕಿಟ್ಟುಕೊಂಡು, "ಇದೊಂದು ತೊಗೊಂಡು ಹೋಗ್ತೀನಿ. ಮಿಕ್ಕವು ಬೇಡ ಮಗಳೇ, ಹೊಟ್ಟೆ ಬಿರಿದ ಕುದುರೆಗಳನ್ನ ಬೇಕಾದಷ್ಟು ನೋಡಿದ್ದೀನಿ," ಅಂದರು. ಚಿಕ್ಕವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಡಾಕ್ಟರು ಮತ್ತೆ ಆ ಮನೆಗೆ ಬರಲಿಲ್ಲ.

ಆದರೂ ಚಿಕ್ಕವಳು ಬಿಡಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಸಿಪಾಯಿಗಳ ಹೆಗಲು, ಮೀನು ಮಾರುವವಳ ಬುಟ್ಟಿ ಇಂಥದ್ದರ ಮೇಲೆ ಕೈ ತಿದ್ದಿಕೊಂಡಳು. ಬಣ್ಣದ ಕೆಳಗೆ ಮುಚ್ಚಿಹೋಗುವ ಮಟ್ಟಕ್ಕೆ ಬಂದಳು. ಬಿರುಕಮ್ಮನಿಗೆ ಅಲ್ಲೊಂದು ಇಲ್ಲೊಂದು ಗೆರೆ ಕಾಣುತ್ತಿತ್ತು, ಸುಮ್ಮನಿರುತ್ತಿದ್ದಳು.

ಕಷ್ಟ ಬೇರೆ ಕಡೆಯಿಂದ ಬಂತು. ಉಜ್ಜಿದ ಪುಡಿ ಚಿಕ್ಕವಳ ಸೀರೆಯಲ್ಲಿ, ಕೂದಲಲ್ಲಿ, ಉಗುರಲ್ಲಿ ಕೂತು ಮನೆಯೆಲ್ಲ ಓಡಾಡಿತು. ಅವಳು ಒರಗಿದ ದಿಂಬಿಗೆ ಒರಗಿದರೆ ಬಿರುಕಮ್ಮನ ಕೆನ್ನೆ ಊದುತ್ತಿತ್ತು. ಕೆಲಸವನ್ನು ಹಿತ್ತಲ ಶೆಡ್ಡಿಗೆ ಸಾಗಿಸಿದರು. ಬಟ್ಟೆ ಬೇರೆ ಒಗೆದರು, ಟವೆಲು ಬೇರೆ ಮಾಡಿದರು. ಚಿಕ್ಕವಳು ಕೆಲಸ ಮುಗಿಸಿ ತಲೆಗೆ ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದಳು. ಅಷ್ಟಾದರೂ ಒಂದು ಸಂಜೆ ಜಡೆ ಹಾಕಿದ ಮರುದಿನ ಬಿರುಕಮ್ಮನ ನೆತ್ತಿ, ಕತ್ತು ಹುಣ್ಣಾಯಿತು. ಅವಳು ಯಾರಿಗೂ ಹೇಳದೆ ಬೀದಿ ಕೊನೆಯ ಅಂಗಡಿಗೆ ಹೋಗಿ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಳು.

ಚಿಕ್ಕವಳು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಯಾಕಕ್ಕ?"

"ಸೆಖೆ."

"ಸುಳ್ಳು ಹೇಳಬೇಡ."

"ಜಡೆ ಇದ್ದರೆ ನಿನ್ನ ಕೈ ಸುಮ್ಮನಿರಲ್ಲ. ನನಗೂ ಬೇಡ ಅನ್ನೋಕೆ ಬಾಯಿ ಬರಲ್ಲ."

ಆಮೇಲೆ ಬಹಳ ದಿನ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು.

ಹೋಗುತ್ತೇನೆ ಅಂತ ಬಿರುಕಮ್ಮನೇ ಅಂದಳು. ಊಟದ ಹೊತ್ತು. ಮೈದುನ ತಟ್ಟೆಯಿಂದ ತಲೆ ಎತ್ತಲಿಲ್ಲ. "ಜನ ಏನಂತಾರೆ ಅತ್ತಿಗೆ? ಅಣ್ಣ ಹೋದ ಮೇಲೆ ಹೊರಗೆ ಹಾಕಿದರು ಅಂತಾರೆ."

"ಜನ ಬಂದು ನನ್ನ ಬದಲು ತುರಿಸಿಕೊಳ್ತಾರೇನೋ?"

"ನಾವೇ ಕೆಲಸ ಬಿಡೋಣ," ಅಂದಳು ಚಿಕ್ಕವಳು. ಆ ಕೆಲಸ ಬಿಟ್ಟು ಮೂವರಿಗೂ ಬೇರೇನೂ ಬರುತ್ತಿರಲಿಲ್ಲ. ಆ ಮಾತನ್ನು ಯಾರೂ ಮುಂದುವರಿಸಲಿಲ್ಲ.

ಊರಿನ ಇನ್ನೊಂದು ತುದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ತನ್ನನ್ನು ಮಲಗಿಸಿದ್ದ ಆಸ್ಪತ್ರೆಯಲ್ಲೇ ಹಾಸಿಗೆ ಬಟ್ಟೆ ಮಡಚುವ ಕೆಲಸವೂ ಸಿಕ್ಕಿತು. ಬಿಳಿ ಬಟ್ಟೆ, ಮತ್ತೆ ಬಿಳಿ ಬಟ್ಟೆ. ಅಂಚಿಗೆ ಅಂಚು ಸೇರಿಸಬೇಕು. ಅವಳು ಗೆರೆ ತಪ್ಪದಂತೆ ಸೇರಿಸುತ್ತಿದ್ದರೆ ಜೊತೆಯವಳು, "ಯಾರು ನೋಡ್ತಾರೆ ಅಂತ ಇಷ್ಟು ನೀಟು? ರೋಗಿ ಎಳೆದು ಮುದ್ದೆ ಮಾಡ್ತಾನೆ," ಅನ್ನುತ್ತಿದ್ದಳು. ಅದು ನಿಜವಾಗಿತ್ತು. ಕೈ ವಾಸಿಯಾಯಿತು. ಆದರೆ ಆ ಕೈಗೆ ಏನು ಮಾಡಬೇಕೋ ತಿಳಿಯದಾಗಿ, ಮಾತಾಡುವಾಗ ಬಟ್ಟೆಯ ಚೂರನ್ನು ದಾರದ ಹಾಗೆ ಹೊಸೆಯುತ್ತಾ ಕೂರುತ್ತಿದ್ದಳು.

ಚಿಕ್ಕವಳು ರಜದ ದಿನ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬರುತ್ತಿದ್ದಳು. ಹಾಸಿಗೆಯ ಮೇಲೆ ಕೂರುತ್ತಿರಲಿಲ್ಲ, ಬಾಗಿಲ ಹತ್ತಿರ ನೆಲದ ಮೇಲೆ ಕೂತು ಬೀದಿಯ ಸುದ್ದಿಯನ್ನೆಲ್ಲ ಹೇಳಿ ನಗಿಸಿ ಹೋಗುತ್ತಿದ್ದಳು. ಒಮ್ಮೆ ಬಿರುಕಮ್ಮನಿಗೆ ಜ್ವರ ಅಂತ ಕೇಳಿದವಳೇ ಕೆಲಸದ ಸೀರೆಯಲ್ಲೇ ಓಡಿ ಬಂದು, ಮೈ ಮರೆತು ಹಣೆ ಮುಟ್ಟಿದಳು. ಜ್ವರ ಇಳಿಯಿತು, ಮುಖ ಊದಿತು. ಅಂದಿನಿಂದ ಚಿಕ್ಕವಳಿಗೆ ಹೆದರಿಕೆ ಹೊಕ್ಕಿತು. ಬರುವುದು ಕಮ್ಮಿಯಾಯಿತು. ಬಂದರೂ ಮೆಟ್ಟಿಲ ಕೆಳಗೆ ನಿಂತು ಕೂಗಿ ಮಾತಾಡಿಸಿ ಹೋಗುವಳು. ಮಾತೆಲ್ಲ ಸೈಕಲ್ ಅಂಗಡಿಯವನಿಗೆ ಕೇಳುತ್ತಿದ್ದುದರಿಂದ ಆಡಬೇಕಾದ್ದು ಆಡದೆ ಉಳಿಯುತ್ತಿತ್ತು.

ಹೀಗೆ ಒಂದೆರಡು ವರ್ಷ ಸಂದಿರಬೇಕು. ಗೊಂಬೆ ಕೊಳ್ಳುವವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಇಡೀ ಗೊಂಬೆಯನ್ನು ಒಂದೇ ತುಂಡಾಗಿ ಪದರಪದರವಾಗಿ ಕಟ್ಟಿಕೊಡುವ ಯಂತ್ರ ಬಂದಿತ್ತು. ಅದರಲ್ಲಿ ಸೇರಿಸುವುದೇ ಇಲ್ಲ, ಸಂದು ಎಲ್ಲಿಂದ ಬರಬೇಕು? ಮೈದುನ ಅಚ್ಚುಗಳನ್ನು ಮೂಟೆ ಕಟ್ಟಿ ಗುಜರಿಗೆ ಹಾಕಿ, ಸಾಮಾನು ಸಾಗಿಸುವ ವ್ಯಾನಿಗೆ ಡ್ರೈವರಾದ.

ಆ ದಿನ ಚಿಕ್ಕವಳು ಮೆಟ್ಟಿಲ ಕೆಳಗೆ ನಿಲ್ಲಲಿಲ್ಲ. ದಡದಡ ಹತ್ತಿ ಬಂದು ಏದುಸಿರು ಬಿಡುತ್ತಾ, ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ, "ಅಕ್ಕಾ, ಕೆಲಸ ಹೋಯ್ತು!" ಅಂದಳು.

ಬಿರುಕಮ್ಮನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆ ಮನೆಯ ಅಚ್ಚುಗಳೆಲ್ಲ ಗಂಡ ಕೆತ್ತಿದ ಮೂಲ ಗೊಂಬೆಗಳಿಂದ ತೆಗೆದವು.

"ಅಚ್ಚು ಎಲ್ಲ ಹೋಯ್ತಾ?"

"ಎಲ್ಲ. ಒಂದು ಚೂರೂ ಉಳಿಸಿಲ್ಲ. ಇನ್ನು ನೀನು ಬಾ."

ಗಂಡಹೆಂಡತಿ ಸೇರಿ ಮನೆ ತೊಳೆದರು. ಶೆಡ್ಡು ಕಿತ್ತರು. ಗೋಡೆ ಕೆರೆದು ಸುಣ್ಣ ಹೊಡೆದರು, ಹಾಸಿಗೆ ದಿಂಬುಗಳನ್ನು ಸುಟ್ಟು ಹೊಸದು ಹೊಲಿಸಿದರು. ನೆಲವನ್ನು ಸೋಪು ನೀರಿನಿಂದ ತಿಕ್ಕಿ ಚಿಕ್ಕವಳ ಮಂಡಿ ಸುಲಿಯಿತು. ಬಿರುಕಮ್ಮ ಒಂದು ಚೀಲ ಹಿಡಿದುಕೊಂಡು ಬಂದಳು. ಬೀದಿಯವರು ಬಾಗಿಲಿಗೆ ಬಂದು ಮಾತಾಡಿಸಿದರು. ಊಟಕ್ಕೆ ಮೂವರೂ ಒಟ್ಟಿಗೆ ಕೂತರು. ಮೈದುನ ವ್ಯಾನನ್ನು ಹಿಂದಕ್ಕೆ ತೆಗೆಯಲು ಹೋಗಿ ಪೊಲೀಸಿನವನ ಛತ್ರಿ ಮುರಿದ ಕಥೆ ಹೇಳಿದ. ಅವನು ಅಷ್ಟುದ್ದ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಓರಗಿತ್ತಿಯರು ನಡುಮನೆಯಲ್ಲಿ ಪಕ್ಕಪಕ್ಕ ಹಾಸಿಕೊಂಡು, ಮಾತಾಡುತ್ತಾ ಮಾತಾಡುತ್ತಾ ನಿದ್ದೆ ಹೋದರು.

ಬೆಳಗ್ಗೆ ಬಿರುಕಮ್ಮನಿಗೆ ಎಚ್ಚರವಾದಾಗ ಕತ್ತಲೆಯಿತ್ತು. ಹಾಲಿನವನ ಗಂಟೆ ಕೇಳಿಸಿತು, ಬೀದಿಯಲ್ಲಿ ಮಕ್ಕಳ ಸದ್ದು ಕೇಳಿಸಿತು. ಆಗ ಬೆಳಕಾಗಿದೆ ಅಂತ ತಿಳಿಯಿತು. ಕೈ ಎತ್ತಿ ಮುಖ ಮುಟ್ಟಿಕೊಂಡಳು. ಅದು ಅವಳ ಮುಖವಾಗಿರಲಿಲ್ಲ.

"ಎಲ್ಲಿದೆ ಅದು? ಎಲ್ಲಿ ಉಳಿದಿದೆ?" ಅಂತ ಚಿಕ್ಕವಳು ಹುಚ್ಚಿಯ ಹಾಗೆ ಕಿಟಕಿಯ ಚೌಕಟ್ಟು, ಬಾಗಿಲ ಸಂದು, ತೊಲೆಯ ಮೇಲೆಲ್ಲ ಒದ್ದೆ ಬಟ್ಟೆ ಎಳೆದಳು. ಬಟ್ಟೆಗೆ ಹಸಿರು ಪುಡಿ ಹತ್ತಿತು. ಎಳೆದಷ್ಟೂ ಹತ್ತುತ್ತಲೇ ಇತ್ತು. "ಈ ಮನೇನೇ ಬಿಟ್ಟುಬಿಡೋಣ, ಬೇರೆ ಕಡೆ ಹೋಗೋಣ," ಅಂದಳು. ಅವರ ಪಾಲಿಗೆ ಉಳಿದಿದ್ದದ್ದು ಆ ಮನೆಯೊಂದೇ, ಅದು ಮೂವರಿಗೂ ಗೊತ್ತಿತ್ತು. ಬಿರುಕಮ್ಮ ಕಣ್ಣು ಕಾಣದೆಯೇ ತನ್ನ ಚೀಲ ತುಂಬಿಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿ, ಮೈದುನ ಅವಳನ್ನು ವ್ಯಾನಿನಲ್ಲಿ ಕೋಣೆಗೆ ಕರೆತಂದ. ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಚೀಲ ಒಳಗಿಟ್ಟು ಹೊರಟವನು ಬಾಗಿಲಲ್ಲೇ ಮೇಲಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಏನು ಮಾಡುತ್ತಿದ್ದಾನೆ ಅಂತ ಅವಳಿಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರಿನ ಸದ್ದಿನಿಂದ ತಿಳಿಯಿತು. ಅಣ್ಣ ಸತ್ತಾಗಲೂ ಅತ್ತಿರದವನು.

"ಅತ್ತಿಗೇ, ಆವತ್ತೇ ಕೆಲಸ ಬಿಟ್ಟಿದ್ದರೆ..."

"ಬಿಟ್ಟಿದ್ದರೆ ಮೂವರೂ ಏನು ತಿನ್ನಬೇಕಿತ್ತು? ಏಳಪ್ಪ. ಅಲ್ಲಿ ಅವಳೊಬ್ಬಳೇ ಇದ್ದಾಳೆ, ಗೋಡೆ ಉಜ್ಜುತ್ತಾ ಕೂತಿರ್ತಾಳೆ. ಹೋಗಿ ನಿಲ್ಲಿಸು."

"ಮತ್ತೆ ಯಾವಾಗ ಬರಲಿ?"

"ವ್ಯಾನು ಈ ಕಡೆ ಬಂದಾಗ ಬಾ."

ವ್ಯಾನು ಈ ಕಡೆ ಬರುವುದಿಲ್ಲ ಅಂತ ಅವನು ಹೇಳಲಿಲ್ಲ. ಎದ್ದು ಮೂಗು ಒರೆಸಿಕೊಂಡು ಇಳಿದು ಹೋದ. ವ್ಯಾನು ಶುರುವಾದ ಸದ್ದು, ತಿರುವಿನಲ್ಲಿ ಹಾರನ್ ಹೊಡೆದ ಸದ್ದು ಕೇಳಿಸಿತು. ಬಿರುಕಮ್ಮ ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ, ಹಾಸಿಗೆ ಎಲ್ಲಿದೆ ಅಂತ ಹುಡುಕತೊಡಗಿದಳು.